ದೇವರ ಮುಂದಿಟ್ಟ ಪೆಟ್ಟಿಗೆ

"ಸಹಿ ಮಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅದಕ್ಕಿಂತ ಮೊದಲ ನನಗೊಂದು ಹನಿ ಟಿಂಚರ್ ಹಾಕೋದೈತಿ," ಎಂದಳು ರಾಜಶ್ರೀ.

ವಂದನಾಳ ಕೈಯಲ್ಲಿದ್ದ ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು. ಎದುರಿನ ಕುರ್ಚಿಯಲ್ಲಿದ್ದ ಡಾ. ಪ್ರೇಮಕುಮಾರ ರಾಜಶ್ರೀಯ ಕೈಯಲ್ಲಿದ್ದ ಪುಟ್ಟ ಬಾಟಲಿ ನೋಡಿ ಹುಬ್ಬೇರಿಸಿದರು.

"ಯಾರಿಗಾದರೂ ಗಾಯವಾಗಿದೆಯೇ?"

"ಇನ್ನೂ ಇಲ್ಲರಿ."

ರಾಜಶ್ರೀ ಇರುವುದೇ ಹೀಗೆ. ಜಮಖಂಡಿಯ ಬಸ್ ಸ್ಟ್ಯಾಂಡಿನ ಎದುರು ಮಹಡಿಯ ಮೇಲೆ ಅವಳದೊಂದು ಆಫೀಸು. ಮೊದಲು ವಿಮಾ ಕಂಪನಿಯೊಂದಕ್ಕೆ ಸುಟ್ಟ ಅಂಗಡಿ, ಮುಳುಗಿದ ಟ್ರ್ಯಾಕ್ಟರುಗಳ ನಿಜ-ಸುಳ್ಳು ನೋಡಿ ಹೇಳುತ್ತಿದ್ದವಳು ಈಗ ಸುತ್ತಲಿನ ತಾಲೂಕುಗಳ ಮುಚ್ಚಿಟ್ಟ ಸಂಗತಿಗಳನ್ನೆಲ್ಲ ಬಗೆದು ತೆಗೆಯುವುದನ್ನೇ ಉದ್ಯೋಗ ಮಾಡಿಕೊಂಡಿದ್ದಾಳೆ. ತಾನು ಸೋಲಬಹುದು ಎಂಬ ಯೋಚನೆ ಅವಳ ತಲೆಗೆ ಬರುವುದು ಬಹಳ ತಡವಾಗಿ. ಅದೂ ಬೇರೆಯವರು ನೆನಪು ಮಾಡಿಕೊಟ್ಟರೆ.

ಈಗ ಅದನ್ನು ನೆನಪಿಸಲೆಂದೇ ವಂದನಾಳ ಸಂಶೋಧನಾ ಸಂಸ್ಥೆಯ ಮೇಲಧಿಕಾರಿ ಪ್ರೇಮಕುಮಾರ ಗೋವಾದಿಂದ ಬನಹಟ್ಟಿಯ ಅವಳ ತವರಿಗೆ ಬಂದು ಕುಳಿತಿದ್ದರು.

ವಂದನಾಳ ಮುಂದಿದ್ದ ಕಾಗದದಲ್ಲಿ ಮೂರೇ ಸಾಲು. ದಕ್ಷಿಣ ಧ್ರುವದಿಂದ ತಂದ ಮಾದರಿಗಳನ್ನು ನಿಯಮ ಮೀರಿ ತವರಿಗೆ ಒಯ್ದೆ, ನನ್ನ ಅಲಕ್ಷ್ಯದಿಂದ ಅವು ಕೆಟ್ಟವು, ನನ್ನ ಸಂಶೋಧನೆಯನ್ನು ಹಿಂದೆ ಪಡೆಯುತ್ತೇನೆ. ಕೆಳಗೆ ಸಹಿಗೆ ಜಾಗ. ಅಲ್ಲಿ ಸಹಿ ಬಿದ್ದರೆ ಅವಳ ಇಷ್ಟು ವರ್ಷಗಳ ದುಡಿಮೆ ಕಸದ ಬುಟ್ಟಿಗೆ ಹೋಗುತ್ತದೆ. ಧ್ರುವಕ್ಕೆ ಹೋಗುವ ಹಡಗನ್ನು ಅವಳು ಮತ್ತೆಂದೂ ಹತ್ತುವಂತಿಲ್ಲ. ಸಹಿ ಮಾಡದಿದ್ದರೆ ಮಾದರಿ ಕೆಡಿಸಿದ್ದಕ್ಕೆ ಪೊಲೀಸ್ ದೂರು ಕೊಡುವುದಾಗಿ ಪ್ರೇಮಕುಮಾರ ಬೆಳಿಗ್ಗೆಯೇ ಬಹಳ ಮೃದುವಾಗಿ ಹೇಳಿದ್ದರು.

ಅವಳ ಪಕ್ಕದಲ್ಲಿ ಅವಳ ಬೆನ್ನ ಮೇಲೆ ಕೈಯಿಟ್ಟು ಕುಳಿತವಳು ನಂದಾ. ಮುಧೋಳದವಳು, ಅದೇ ಸಂಸ್ಥೆಯಲ್ಲಿ ವಂದನಾಳ ಸಹಾಯಕಿ, ಹಡಗಿನಲ್ಲಿ ಒಂದೇ ಕ್ಯಾಬಿನ್ ಹಂಚಿಕೊಂಡವಳು. ಗೆಳತಿಯ ಮೇಲೆ ಆರೋಪ ಬಂದಾಗ ಜಮಖಂಡಿಗೆ ಹೋಗಿ ರಾಜಶ್ರೀಗೆ ಈ ಕೇಸು ಒಪ್ಪಿಸಿದವಳೂ ಅವಳೇ. ಬಾಗಿಲ ಚೌಕಟ್ಟಿಗೆ ಒರಗಿ ನಿಂತವಳು ವಂದನಾಳ ತಾಯಿ ರುಕ್ಮವ್ವ. ಒಳಕೋಣೆಯಲ್ಲಿ ತಂದೆ ಬಸಗೊಂಡಪ್ಪನ ಕೈಮಗ್ಗ ಸದ್ದಿಲ್ಲದೆ ನಿಂತಿತ್ತು. ಮಗಳ ವಿಚಾರಣೆ ನಡೆಯುವಾಗ ಲಾಳಿ ಎಸೆಯಲು ಮನಸ್ಸಾಗದೆ ಅವನು ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತಿದ್ದ.

"ನೋಡಿ ಮೇಡಂ, ನಿಮ್ಮ ಕೆಲಸಕ್ಕೆ ನಾನು ಅಡ್ಡಿ ಬರೋದಿಲ್ಲ," ಎಂದರು ಪ್ರೇಮಕುಮಾರ. "ಆದರೆ ವಿಷಯ ಸರಳವಾಗಿದೆ. ಹೈದರಾಬಾದಿನ ವರದಿ ನೀವೂ ಓದಿದ್ದೀರಿ."

ಓದಿದ್ದಳು. ಓದಿ ನಕ್ಕಿದ್ದಳು ಕೂಡ.

ಹಿಮಬಂಡೆಗಳ ನಡುವೆ ಬದುಕುವ ಪಾರಿವಾಳದಷ್ಟು ಗಾತ್ರದ ಒಂದು ಕಡಲಹಕ್ಕಿ ಇದೆ, ಅಪ್ಪಟ ಬಿಳಿ. ಸ್ನೋ ಪೆಟ್ರೆಲ್ ಎಂದು ಅದರ ಹೆಸರು. ರುಕ್ಮವ್ವನ ಬಾಯಲ್ಲಿ ಅದು ಹಿಮದಹಕ್ಕಿ. ಮನುಷ್ಯನ ಸುಳಿವಿಲ್ಲದ ಆ ಜಾಗದಲ್ಲಿ ಸತ್ತುಬಿದ್ದ ಹಕ್ಕಿಗಳ ಪುಕ್ಕಗಳನ್ನು ವಂದನಾ ಆರಿಸಿ ತಂದಳು. ಅರ್ಧವನ್ನು ಗೋವಾದಲ್ಲಿ ಪರೀಕ್ಷೆ ಮಾಡಿದಾಗ ಸಿಕ್ಕದ್ದು ರೇನ್‌ಕೋಟಿನ ಬಟ್ಟೆಗೆ ನೀರು ಹತ್ತದಂತೆ ಹಚ್ಚುವ ರಾಸಾಯನಿಕ. ಕೊಳೆಯುವುದಿಲ್ಲ, ಒಡೆಯುವುದಿಲ್ಲ. ನಮ್ಮ ಕಾಲುವೆಗೆ ಬಿಟ್ಟದ್ದು ಹೊಳೆ ಸೇರಿ, ಕಡಲು ಸೇರಿ, ಮೀನಿನ ಹೊಟ್ಟೆಯಿಂದ ಹಕ್ಕಿಯ ಮೈಗೆ ಹೋಗಿ ಕುಳಿತಿತ್ತು. ಆ ರಾಸಾಯನಿಕ ಮಾರುವ ದೊಡ್ಡ ಕಂಪನಿಯವರಿಗೆ ಈ ಸುದ್ದಿ ಹಿಡಿಸಲಿಲ್ಲ. ಬೇರೊಂದು ಕಡೆಯೂ ಪರೀಕ್ಷೆಯಾಗಲಿ ಎಂದರು. ಉಳಿದರ್ಧ ಹೈದರಾಬಾದಿನ ಲ್ಯಾಬಿಗೆ ಹೋಗಬೇಕಾಯಿತು.

ಗೋವಾದಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಬನಹಟ್ಟಿ ಇದೆ. ಅಂದು ಮಹಾನವಮಿ. ತವರಿನ ಆಸೆ ಯಾರನ್ನು ಬಿಟ್ಟಿದೆ? ವಂದನಾ ಪುಕ್ಕದ ಪೆಟ್ಟಿಗೆಯ ಸಮೇತ ಮನೆಗೆ ಬಂದಳು. ಹಬ್ಬ ಮುಗಿಸಿ, ಪೆಟ್ಟಿಗೆಯನ್ನು ತಾನೇ ಹೈದರಾಬಾದಿಗೆ ಮುಟ್ಟಿಸಿದಳು. ವರದಿಯಲ್ಲಿ ರೇನ್‌ಕೋಟಿನ ರಾಸಾಯನಿಕದ ಹೆಸರೇ ಇರಲಿಲ್ಲ. ಅದರ ಬದಲು ಕಬ್ಬಿನ ಹೊಲಕ್ಕೆ ಹೊಡೆಯುವ ಕಳೆನಾಶಕ ಧಾರಾಳವಾಗಿ ಸಿಕ್ಕಿತ್ತು.

"ದಕ್ಷಿಣ ಧ್ರುವದಾಗ ಕಬ್ಬು ಯಾರು ಹಚ್ಚ್ಯಾರ್ರಿ?" ಎಂದು ರಾಜಶ್ರೀ ಆಗ ಕೇಳಿದ್ದಳು. ಈಗಲೂ ಅದನ್ನೇ ಕೇಳಿದಳು.

"ಯಾರೂ ನೆಟ್ಟಿಲ್ಲ. ಅದಕ್ಕೇ ಹೇಳ್ತಿರೋದು. ಸುತ್ತ ಕಬ್ಬಿರೋ ಊರಿನಲ್ಲಿ ಪೆಟ್ಟಿಗೆ ತೆರೆದಿಟ್ಟರೆ ಹೀಗೇ ಆಗೋದು."

"ಪೆಟ್ಟಿಗಿ ತೆರೆದಿಟ್ರ ಗಾಳ್ಯಾಗಿಂದು ಒಂದೀಟು ಹತ್ತಬಹುದು. ಆದ್ರ ಮೊದಲಿದ್ದದ್ದು ಎಲ್ಲಿ ಹೋತ್ರಿ? ನೀವs ಹೇಳೀರಿ, ಅದು ಹೋಗೂ ಪೈಕಿ ಅಲ್ಲಂತ."

ಪ್ರೇಮಕುಮಾರ ಕನ್ನಡಕ ತೆಗೆದು ಒರೆಸಿಕೊಂಡರು.

ಹೈದರಾಬಾದಿನಿಂದ ಹಿಂದಿರುಗಿ ಬಂದಿದ್ದ ಪೆಟ್ಟಿಗೆಯನ್ನು ರಾಜಶ್ರೀ ಎಳೆದುಕೊಂಡಳು. ಅದರ ಮುಚ್ಚಳದ ಮೇಲೆ ರುಕ್ಮವ್ವ ಇಟ್ಟ ಕುಂಕುಮದ ಬೊಟ್ಟು ಇನ್ನೂ ಇತ್ತು. ಖಂಡೆ ಪೂಜೆಯ ದಿನ ಮನೆಯಲ್ಲಿ ದುಡಿಯುವ ವಸ್ತುವಿಗೆಲ್ಲ ಪೂಜೆ. ಲಾಳಿಗೆ, ಕತ್ತರಿಗೆ, ಹೊಲಿಗೆ ಯಂತ್ರಕ್ಕೆ, ಸೈಕಲ್ಲಿಗೆ. ವಿಜ್ಞಾನಿ ಮಗಳ ಪೆಟ್ಟಿಗೆ ಮಾತ್ರ ಏನು ಪಾಪ ಮಾಡಿತ್ತು? ರುಕ್ಮವ್ವ ಅದನ್ನೂ ದೇವರ ಜಗಲಿಯ ಮುಂದೆ ಲಾಳಿಯ ಪಕ್ಕ ಇಟ್ಟಿದ್ದಳು. ಹಾಗೆ ಪೂಜೆಗಿಟ್ಟ ವಸ್ತುವನ್ನು ಮರುದಿನ, ದಶಮಿಗೆ, ಬನ್ನಿ ಎಲೆ ಕೊಟ್ಟು ಮುಗಿಯುವ ತನಕ ಯಾರೂ ಕದಲಿಸುವಂತಿಲ್ಲ.

ಪೆಟ್ಟಿಗೆಯೊಳಗೆ ಮೂರು ಬಿಳಿ ಲಕೋಟೆಗಳಿದ್ದವು. ಪ್ಲಾಸ್ಟಿಕ್ ನಾರಿನಿಂದ ಮಾಡಿದ, ಹರಿಯದ ಲಕೋಟೆಗಳು. ಹೈದರಾಬಾದಿನವರು ತಳ ಕತ್ತರಿಸಿ ಪುಕ್ಕ ತೆಗೆದುಕೊಂಡಿದ್ದರು. ಮೇಲಿನ ಬಾಯಿ ಅಂಟಿಸಿದ್ದು ಅಂಟಿಸಿದಂತೆಯೇ ಇತ್ತು. ಒಂದರ ಮೂಲೆಯಲ್ಲಿ ಪರೀಕ್ಷೆಗೆ ಹೋಗದೆ ಉಳಿದ ಪುಕ್ಕವೊಂದು ಸಿಕ್ಕಿತ್ತು.

"ವಂದನಾ ಮೇಡಂ, ಇದನ್ನ ಮೂಸಿ ನೋಡ್ರಿ."

ವಂದನಾ ಮೂಸಿದಳು. "ಏನೂ ವಾಸನಿ ಇಲ್ಲ."

"ನಿಮ್ಮ ಹಕ್ಕೀದು ಹೆಂಗಿರ್ತೈತಿ?"

"ಮುಗ್ಗಲು ಎಣ್ಣಿ ವಾಸನಿ. ಹೊಟ್ಟ್ಯಾಗಿನ ಎಣ್ಣಿ ಕಾರ್ತಾವು ಅವು. ವರ್ಷಗಟ್ಟಲೆ ಇಟ್ರೂ ಪುಕ್ಕದಿಂದ ಹೋಗಂಗಿಲ್ಲ." ಹೇಳುತ್ತ ಹೇಳುತ್ತ ಅವಳ ದನಿ ಗಟ್ಟಿಯಾಯಿತು. ಹಕ್ಕಿಯ ಮಾತು ಬಂದರೆ ಅವಳಿಗೆ ತನ್ನ ಕಷ್ಟ ಮರೆತುಹೋಗುತ್ತದೆ. "ಇದು ನನ್ನ ಹಕ್ಕೀದಲ್ಲ, ಸರ್. ಇದು ಬೆಳ್ಳಕ್ಕಿ."

"ವಾಸನೆ ಸಾಕ್ಷಿಯಾಗೋದಿಲ್ಲ ವಂದನಾ," ಎಂದರು ಪ್ರೇಮಕುಮಾರ.

"ಬರೋಬ್ಬರಿ ಹೇಳಿದ್ರಿ," ಎಂದಳು ರಾಜಶ್ರೀ. "ಅದಕ್ಕs ಟಿಂಚರ್ ತಂದೇನಿ."

ಪುಕ್ಕ ಬೆಳ್ಳಕ್ಕಿಯದಿರಬಹುದೆಂದು ಮೊನ್ನೆಯೇ ಅನಿಸಿದಾಗ ರಾಜಶ್ರೀ ಮೊದಲು ಸಂಶಯಪಟ್ಟದ್ದು ವಂದನಾಳ ಚಿಕ್ಕಪ್ಪನ ಮಗ ಸುಭಾಷನನ್ನು. ಗಲಗಲಿಯಲ್ಲಿ ಹೊಳೆದಂಡೆಗೆ ಅವನದು ಕಬ್ಬಿನ ಹೊಲ, ಹೊಲದ ತುಂಬ ಬೆಳ್ಳಕ್ಕಿ. ಬೆಳಗಾವಿಯಿಂದ ವಂದನಾ, ನಂದಾ ಇಬ್ಬರನ್ನೂ ತನ್ನ ಕಾರಿನಲ್ಲಿ ಕರೆತಂದು, ಮುಧೋಳದಲ್ಲಿ ನಂದಾಳನ್ನು ಇಳಿಸಿ, ವಂದನಾಳನ್ನು ಇಲ್ಲಿ ಬಿಟ್ಟವನೂ ಅವನೇ. ರಾಜಶ್ರೀ ನಿನ್ನೆ ಗಲಗಲಿಗೆ ಹೋಗಿ ಅವನ ಬೆವರಿಳಿಸಿ ಬಂದಿದ್ದಳು. ವಂದನಾಳನ್ನು ಬಿಟ್ಟವನೇ ಅವನು ಬಾಡಗಂಡಿಯ ಕಾರ್ಖಾನೆಗೆ ಡ್ಯೂಟಿಗೆ ಹೋಗಿದ್ದ. ಹಬ್ಬ ಮುಗಿಯುವ ತನಕ ಈ ಕಡೆ ತಲೆ ಹಾಕಿರಲಿಲ್ಲ. ದಾರಿಯಲ್ಲಿ ಪೆಟ್ಟಿಗೆ ಹಿಂದಿನ ಸೀಟಿನಲ್ಲಿ ವಂದನಾ, ನಂದಾ ಇಬ್ಬರ ನಡುವೆಯೇ ಇತ್ತು. ಸುಭಾಷ ಸಂಶಯದಿಂದ ಹೊರಬಿದ್ದ.

ಅವಳು ಲಕೋಟೆಯ ನಡುಭಾಗಕ್ಕೆ ಒಂದು ಹನಿ ಟಿಂಚರ್ ಅಯೋಡಿನ್ ಬಿಟ್ಟಳು. ಕಂದು ಬಣ್ಣದ ಹನಿ ಹಾಗೆಯೇ ಉಳಿಯಿತು.

"ನೋಡ್ರಿ, ಬರೇ ಲಕೋಟೆಗೆ ಏನೂ ಆಗಂಗಿಲ್ಲ. ಈಗ ಬಾಯಿಗೆ ಹಾಕ್ತೇನಿ."

ಅಂಟಿಸಿದ ಬಾಯಿಯ ಅಂಚಿಗೆ ಬಿದ್ದ ಹನಿ ನೋಡನೋಡುತ್ತಲೇ ಕಪ್ಪು ನೀಲಿಗೆ ತಿರುಗಿತು. ಎರಡನೆಯ ಲಕೋಟೆಯಲ್ಲೂ ಅಷ್ಟೇ. ಮೂರನೆಯದರಲ್ಲೂ ಅಷ್ಟೇ.

"ಪಿಷ್ಟ," ಎಂದಳು ವಂದನಾ ಮೆಲ್ಲಗೆ. "ಹಿಟ್ಟಿನ ಅಂಶ ಇದ್ರ ಹಿಂಗಾಗ್ತೈತಿ. ನಮ್ಮ ಲಕೋಟೆದಾಗ ಹಿಟ್ಟು ಇರಂಗಿಲ್ಲ."

"ಹಡಗಿನ್ಯಾಗ ನೀವು ಹೆಂಗ ಮುಚ್ಚಿದ್ರಿ?"

"ಅದಕ್ಕ ತನ್ನದs ಅಂಟಿನ ಪಟ್ಟಿ ಇರ್ತೈತಿ. ಒತ್ತಿದ್ರ ಆತು."

ರಾಜಶ್ರೀ ಬಾಟಲಿಯ ಮುಚ್ಚಳ ತಿರುಗಿಸುತ್ತ ಪ್ರೇಮಕುಮಾರರನ್ನು ನೋಡಿದಳು. "ಆತಲ್ರಿ. ಯಾರೋ ಒಬ್ರು ಲಕೋಟೆ ಬಿಚ್ಚ್ಯಾರ, ಪುಕ್ಕಾ ಬದಲಿ ಮಾಡ್ಯಾರ, ತಿರುಗಿ ಅಂಟಿಸ್ಯಾರ. ಇದು ಅಲಕ್ಷ್ಯ ಅಲ್ಲ, ಕಳವು. ಹರಿದು ಒಗೀರಿ ಆ ಕಾಗದ."

ಅವಳಿಗೆ ಒಳಗೊಳಗೆ ಖುಷಿಯಾಯಿತು. ಇಂಥ ಗಳಿಗೆಯ ಮೇಲೆ ಅವಳಿಗೆ ಆಸೆ ಬಹಳ. ಎದುರಿನವರ ಮುಖ ಬಾಡುವುದನ್ನು ಕಾಯುತ್ತ ಕುಳಿತಳು.

ಬಾಡಲಿಲ್ಲ. ಪ್ರೇಮಕುಮಾರ ನಕ್ಕರು.

"ಯಾವ ಹಿಟ್ಟು ಮೇಡಂ?"

"ಗಂಜಿ. ಮೂಗಿಗೆ ಹಿಡದು ನೋಡ್ರಿ, ಇನ್ನೂ ಹುಳಿ ವಾಸನಿ ಐತಿ. ನೂಲಿಗೆ ಗಂಜಿ ಕೊಡ್ತಾರಲ್ಲ, ಅದು. ನಮ್ಮವ್ವ ರಬಕವಿಯಾಗ ಅದನ್ನs ಕುದಿಸಿ ಕುದಿಸಿ ನಮ್ಮನ್ನ ಸಾಕ್ಯಾಳ."

"ಈ ಊರಲ್ಲಿ ಎಲ್ಲರ ಮನೆಯಲ್ಲೂ ಗಂಜಿ ಕುದಿಸ್ತಾರೆಯೇ?"

ರಾಜಶ್ರೀಗೆ ಪ್ರಶ್ನೆ ಎತ್ತ ಹೊರಟಿತೆಂದು ತಿಳಿಯಿತು. ತಿಳಿಯುವುದು ಒಂದು ಗಳಿಗೆ ತಡವಾಯಿತು. ಪವರ್‌ಲೂಮ್ ಮನೆಗಳಿಗೆ ಗಂಜಿ ಕೊಟ್ಟ ನೂಲೇ ಸುತ್ತಿಕೊಂಡು ಬರುತ್ತದೆ. ಮನೆಯಲ್ಲಿ ಗಂಜಿ ಕುದಿಸುವವರು ಕೈಮಗ್ಗದವರು, ಈ ಓಣಿಯಲ್ಲಿ ಉಳಿದಿರುವ ಕೈಮಗ್ಗ ಒಂದೇ. ಸೀರೆಯ ಮಡಿಕೆಗೆ ಚೀಟಿ ಅಂಟಿಸುವುದಿರಲಿ, ಹರಿದ ಕ್ಯಾಲೆಂಡರ್ ಅಂಟಿಸುವುದಿರಲಿ, ಅಂಗಡಿಯ ಗೋಂದು ತರುವ ಪದ್ಧತಿ ಈ ಮನೆಯಲ್ಲಿಲ್ಲ. ಬೆರಳಿಗೆ ಸಿಕ್ಕುವುದು ಗಂಜಿಯೇ.

"ಧನ್ಯವಾದ ಮೇಡಂ," ಎಂದರು ಪ್ರೇಮಕುಮಾರ. "ಅಲಕ್ಷ್ಯ ಅಂತ ನಾನು ಬಹಳ ಉದಾರವಾಗಿ ಬರೆದಿದ್ದೆ. ಮಾದರಿ ಬದಲಿಸಿದ್ದು ಈ ಮನೆಯಲ್ಲೇ ಅಂತ ನೀವೇ ತೋರಿಸಿಕೊಟ್ಟಿರಿ. ಕಾಗದ ಹರಿಯೋಣ. ಹೊಸದು ಬರೆಯೋಣ."

ವಂದನಾ ಒಳಕೋಣೆಯ ಮಗ್ಗದ ಕಡೆ ನೋಡಿದಳು. ನಂದಾ ಅವಳ ಬೆನ್ನ ಮೇಲಿಟ್ಟಿದ್ದ ಕೈಯನ್ನು ತೆಗೆದಳು.

ರಾಜಶ್ರೀಗೆ ಸಿಟ್ಟು ಬಂತು. ಪ್ರೇಮಕುಮಾರರ ಮೇಲಲ್ಲ, ತನ್ನ ಮೇಲೆ. ಆದರೆ ಸಿಟ್ಟು ಬಂದಾಗ ಕುರ್ಚಿಗೆ ಇನ್ನಷ್ಟು ಒರಗಿ ಕೂರುವುದು ಅವಳ ರೂಢಿ. ಹಾಗೆ ಕುಳಿತು, ಬಾಗಿಲ ಬಳಿ ನಿಂತಿದ್ದ ರುಕ್ಮವ್ವನ ಕಡೆ ತಿರುಗಿದಳು. ಟಿಂಚರ್ ನೀಲಿಯಾದಾಗಿನಿಂದ ಆ ಹೆಂಗಸು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು.

"ರುಕ್ಮವ್ವಾರ, ಕುಂದರ್ರಿ. ನಾ ಬೈಯಾಂಗಿಲ್ಲ. ನೀವs ಅಂಟಿಸಿದ್ರೇನ್ರಿ?"

ರುಕ್ಮವ್ವ ಹೊಸ್ತಿಲ ಒಳಗೇ ಕುಸಿದು ಕುಳಿತಳು.

"ಹೌದ್ರಿ," ಎಂದಳು. "ನಾನs."

"ಯವ್ವಾ." ವಂದನಾ ಎದ್ದು ನಿಂತಳು. "ಏನ್ ಹೇಳಾಕತ್ತೀಯಬೇ?"

"ಖರೇನ ಹೇಳಾಕತ್ತೇನಿ ಮಗಳs. ಎಷ್ಟು ದಿನ ಹೊಟ್ಟ್ಯಾಗ ಇಟಗೊಳ್ಳಲಿ." ರುಕ್ಮವ್ವನ ಕಣ್ಣು ತುಂಬಿದವು. ಆದರೂ ಮಾತು ತಡವರಿಸಲಿಲ್ಲ. "ಖಂಡೆ ಪೂಜಿ ಮಾಡಿ ಪೆಟ್ಟಿಗಿ ದೇವರ ಮುಂದ ಇಟ್ಟೆ. ಮರುದಿನ ನೀ ಬನ್ನಿ ಕೊಡಾಕ ಚಿಮ್ಮಡಕ ಹೋದಿ. ನಾ ದೀಪಕ್ಕ ಎಣ್ಣಿ ಹಾಕಾಕ ಬಗ್ಗಿದ್ರ ಮೂಗಿಗೆ ನಾತ ಬಡೀತು. ಸತ್ತ ಹಕ್ಕಿ ಪುಕ್ಕಾ ಅಂತ ಹಿಂದಿನ ದಿನ ಊಟಕ್ಕ ಕುಂತಾಗ ನೀನs ಅಂದಿದ್ದಿ. ಸತ್ತದ್ದರ ಮೈಲಿಗಿ ದೇವರ ಮುಂದ ಇಟ್ಟೇನಲ್ಲಪಾ ಅಂತ ಎದಿ ಧಸಕ್ ಅಂತು."

"ಪೂಜೆಗಿಟ್ಟ ಪೆಟ್ಟಿಗಿ ಕದಲಿಸೂ ಹಂಗಿಲ್ಲ," ಎಂದಳು ರಾಜಶ್ರೀ.

"ಅದಕ್ಕs ರೀ. ಪೆಟ್ಟಿಗಿ ಇದ್ದಲ್ಲೇ ಇರಲಿ, ಒಳಗಿನ ಪುಕ್ಕಾ ಅಷ್ಟ ಹೊರಗ ಕಟ್ಟಿ ಇಟ್ಟು, ಬನ್ನಿ ಮುಗದ ಮ್ಯಾಲ ತಿರುಗಿ ತುಂಬೋಣು ಅಂತ ತೆರದೆ."

ಪ್ರೇಮಕುಮಾರ ಪೆನ್ನು ಎತ್ತಿಕೊಂಡರು. "ಅಂದರೆ ಒಪ್ಪಿಕೊಳ್ಳುತ್ತೀರಿ. ಧ್ರುವದ ಪುಕ್ಕ ತೆಗೆದು ಎಸೆದಿರಿ, ಬೆಳ್ಳಕ್ಕಿಯದು ತುಂಬಿದಿರಿ."

"ಇಲ್ಲರಿ ಸಾಹೇಬ್ರ."

"ಏನು ಇಲ್ಲ?"

"ನಾ ಏನೂ ಒಗೀಲಿಲ್ಲ. ಒಗ್ಯಾಕ ಒಳಗ ಏನಿತ್ರಿ?" ರುಕ್ಮವ್ವ ಮಗಳ ಮುಖ ನೋಡಿದಳು. "ಮೂರೂ ಲಕೋಟೆ ಬಾಯಿ ಸಡಲ ಆಗಿದ್ದವು. ವಾಸನಿ ಅಷ್ಟ ಇತ್ತು. ಪುಕ್ಕಾ ಒಂದೂ ಇರಲಿಲ್ಲ."

ರಾಜಶ್ರೀ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. ಅವಳಿಗೆ ಬೇಕಾದದ್ದು ಇದೇ ಆಗಿತ್ತು. ಇಷ್ಟು ದಿನ ತಾನು ಈ ಮನೆಯ ಗೋಡೆಗಳನ್ನೇ ಸುತ್ತುತ್ತಿದ್ದದ್ದು ಅವಳಿಗೆ ಈಗ ಕಂಡಿತು. ಪೆಟ್ಟಿಗೆ ಈ ಹೊಸ್ತಿಲು ದಾಟಿ ಬರುವಾಗಲೇ ಬರಿದಾಗಿತ್ತು.

"ಹಗುರ ವಸ್ತು," ಎಂದಳು ಅವಳು ನಿಧಾನವಾಗಿ. "ತುಂಬಿದ್ರೂ ಅಷ್ಟ, ಖಾಲಿ ಇದ್ರೂ ಅಷ್ಟ. ಎತ್ತಿದವ್ರಿಗೆ ತಿಳ್ಯಾಂಗಿಲ್ಲ. ಲ್ಯಾಬಿಗೆ ಮುಟ್ಟೂ ತನಕ ತೆರೀಬಾರ್ದು ಅನ್ನೋದು ನಿಮ್ಮ ನಿಯಮ. ಹಿಂಗಾಗಿ ವಂದನಾ ಮೇಡಂ ತೆರೀಲಿಲ್ಲ. ಖಾಲಿ ಲಕೋಟೆ ಹೈದರಾಬಾದಿಗೆ ಹೋಗಿದ್ರ ಪುಕ್ಕಾನ ಇರಲಿಲ್ಲ, ಎಲ್ಲಾ ಬರೇ ಸುಳ್ಳು ಅಂತ ಹೆಸರು ಕೆಡತಿತ್ತು. ಕದ್ದವರ ಲೆಕ್ಕ ಅದs. ನಡುವ ಒಬ್ಬ ತಾಯಿ ಅಡ್ಡ ಬಂದ್ಲು. ಡಾಕ್ಟರ್ ಸಾಹೇಬ್ರ, ಗೋವಾದಾಗ ಆ ಪೆಟ್ಟಿಗಿ ಯಾರ ಕಪಾಟಿನ್ಯಾಗ ಇತ್ರಿ?"

"ನನ್ನದರಲ್ಲಿ," ಎಂದರು ಪ್ರೇಮಕುಮಾರ. ದನಿ ಅಲುಗಲಿಲ್ಲ. "ಆದರೆ ನಿಮ್ಮ ಕಥೆಗೆ ಆಧಾರ ಒಬ್ಬ ತಾಯಿಯ ಮಾತು. ಮಗಳನ್ನು ಉಳಿಸಲು ಯಾವ ತಾಯಿ ಸುಳ್ಳು ಹೇಳೋದಿಲ್ಲ? ಖಾಲಿ ಇತ್ತು ಅನ್ನೋದಕ್ಕೆ ಸಾಕ್ಷಿ ಇಲ್ಲ. ಬೆಳ್ಳಕ್ಕಿ ಪುಕ್ಕ ತುಂಬಿದ್ದಕ್ಕೆ ಮಾತ್ರ ಅವರೇ ಸಾಕ್ಷಿ. ಸರ್ಕಾರಿ ಮಾದರಿಗೆ ಕೈ ಹಾಕಿದ್ದಾರೆ. ಇನ್ನು ದೂರು ವಂದನಾ ಮೇಲಲ್ಲ, ಇವರ ಮೇಲೆ."

ರುಕ್ಮವ್ವನಿಗೆ ಅರ್ಥವಾದದ್ದು ಪೊಲೀಸ್ ಎಂಬ ಬೆಳಗಿನ ಮಾತು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ವಂದನಾ ಕುಳಿತಳು. ಹಳೆಯ ಕಾಗದವನ್ನೇ ತನ್ನ ಕಡೆ ಎಳೆದುಕೊಂಡಳು. ಅವಳ ಮುಖದಲ್ಲಿ ಅಳು ಇರಲಿಲ್ಲ.

"ಇದಕ್ಕ ಸಹಿ ಮಾಡಿದ್ರ ನಮ್ಮವ್ವನ ಹೆಸರು ಎಲ್ಲೂ ಬರಂಗಿಲ್ಲಲ್ರಿ, ಸರ್?"

"ಬರೋದಿಲ್ಲ. ಇದು ನಾನು ಕೊಡೋ ಮಾತು."

"ವಂದನಾ ಮೇಡಂ, ತಡೀರಿ," ಎಂದಳು ರಾಜಶ್ರೀ.

"ಬಿಡ್ರಿ ರಾಜಶ್ರೀಯಾರ. ಹಕ್ಕಿ ಮತ್ತ ಸಿಗತಾವ."

ಸಿಗುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪೆನ್ನಿನ ತುದಿ ಕಾಗದಕ್ಕೆ ತಾಗಿತು. ವಂದನಾಳ ಹೆಸರಿನ ಮೊದಲ ಅಕ್ಷರ ಮೂಡಿತು.

ರಾಜಶ್ರೀಗೆ ಕೇಳಲು ಉಳಿದದ್ದು ಒಂದೇ ಪ್ರಶ್ನೆ. ಅದನ್ನು ಮೊದಲೇ ಕೇಳಬೇಕಿತ್ತು. ಖಾಲಿ ಲಕೋಟೆ ಕಂಡ ತಾಯಿ ಮಗಳನ್ನು ಕೂಗುತ್ತಾಳೆ, ಗಂಡನನ್ನು ಕರೆಯುತ್ತಾಳೆ. ಹೊಲಕ್ಕೆ ಹೋಗಿ ಪುಕ್ಕ ಆರಿಸಿ ತರುವ ಬುದ್ಧಿ ತಾನಾಗಿ ಬರುವಂಥದ್ದಲ್ಲ.

"ರುಕ್ಮವ್ವಾರ, ಇನ್ನೊಂದs ಮಾತು. ಬ್ಯಾರೆ ಪುಕ್ಕಾ ತುಂಬಬೇಕು ಅಂತ ನಿಮಗ ಹೆಂಗ ಹೊಳೀತ್ರಿ?"

"ನನಗೆಲ್ಲಿ ಹೊಳೀತೈತಿ ತಂಗಿ." ರುಕ್ಮವ್ವ ಸೆರಗಿನಿಂದ ಮೂಗೊರೆಸಿಕೊಂಡಳು. "ಕೈ ಕಾಲು ತಣ್ಣಗಾಗಿ ಫೋನ್ ಹಚ್ಚಿದೆ. ಅಂಜಬ್ಯಾಡ್ರಿ ಅಂತ ಹೇಳಿದ್ರು. ಹೊಲದಾಗ ಬಿಳಿ ಹಕ್ಕಿ ಪುಕ್ಕಾ ಬಿದ್ದಿರ್ತಾವು, ಅವನ್ನ ತುಂಬಿ ಅಂಟಿಸಿಬಿಡ್ರಿ, ವಂದನಾಗ ಹೇಳಿದ್ರ ಆಕಿ ನೌಕರಿ ಹೋಗ್ತೈತಿ, ಹೇಳಬ್ಯಾಡ್ರಿ ಅಂದ್ರು. ಆಣಿ ಮಾಡಿಸಿಕೊಂಡ್ರು."

"ಯಾರು?"

ರುಕ್ಮವ್ವ ಆಣೆಯನ್ನು ಬಾಯಿಂದ ಮುರಿಯಲಾರದೆ, ಮಗಳ ಪಕ್ಕದಲ್ಲಿದ್ದವಳನ್ನು ಸುಮ್ಮನೆ ನೋಡಿದಳು.

ಪೆನ್ನು ನಿಂತಿತು. ವಂದನಾ ತಲೆಯೆತ್ತಿ ಪಕ್ಕಕ್ಕೆ ತಿರುಗಿದಳು. ಹಡಗಿನ ಕಿರಿದಾದ ಕ್ಯಾಬಿನ್ನಿನಲ್ಲಿ ತಿಂಗಳುಗಟ್ಟಲೆ ಕೆಳಗಿನ ಹಾಸಿಗೆಯಲ್ಲಿ ಮಲಗಿದವಳು, ಈ ಮನೆಯ ರೊಟ್ಟಿ ಉಂಡವಳು, ತನ್ನನ್ನು ಉಳಿಸಲು ಜಮಖಂಡಿಯ ತನಕ ಓಡಿದವಳು.

"ನಂದಾ," ಎಂದಳು. "ಲಕೋಟೆ ಖಾಲಿ ಅದಾವ ಅನ್ನೋದು ನಿನಗ ಆವಾಗs ಗೊತ್ತಿತ್ತೇನ?"

ನಂದಾ ಅವಳ ಕಡೆ ತಿರುಗಲಿಲ್ಲ. ರಾಜಶ್ರೀಯ ಕಡೆಯೂ ನೋಡಲಿಲ್ಲ. ಮಡಿಲಲ್ಲಿದ್ದ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡು, ಎದುರಿನ ಕುರ್ಚಿಯತ್ತ ಕಣ್ಣೆತ್ತಿದಳು.

"ಸರ್," ಎಂದು ಕೇಳಿದಳು, "ಲಕೋಟೆ ಖಾಲಿ ಮಾಡಿಸಿದವರು ಯಾರಂತ ಈಗರ ಹೇಳಲೇನ್ರಿ?"